ಕಾಲೇಜು ಗ್ರಂಥಾಲಯದ ನವೀಕರಣ, ವಿಸ್ತರಣೆ: ನಕ್ಷೆಗೆ ಮೊದಲು ಲೆಕ್ಕ

"ಗ್ರಂಥಾಲಯದಲ್ಲಿ ಜಾಗ ಸಾಲುತ್ತಿಲ್ಲ, ಮೇಲೊಂದು ಮಹಡಿ ಎಬ್ಬಿಸೋಣ ಅಂತಿದ್ದೇವೆ. ಎಲ್ಲಿಂದ ಶುರು ಮಾಡೋದು?" ಗ್ರಂಥಪಾಲಕರು, ಪ್ರಾಂಶುಪಾಲರು, ಕಟ್ಟಡ ಸಮಿತಿಗೆ ಹೊಸದಾಗಿ ಸೇರಿದ ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಹೆಚ್ಚಿನವರ ಕೈಯಲ್ಲಿ ಕಟ್ಟಡದ ಮುಂಭಾಗದ ಬಣ್ಣದ ಚಿತ್ರ ಸಿದ್ಧವಾಗಿರುತ್ತದೆ. ಎಷ್ಟು ಪುಸ್ತಕ, ಎಷ್ಟು ಭಾರ, ಎಷ್ಟು ಓದುಗರು ಎಂಬ ಲೆಕ್ಕ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ.

ಈ ಕ್ರಮವನ್ನು ತಿರುಗಿಸಿ. ಕಪಾಟು ಮತ್ತು ಕುರ್ಚಿಯ ಲೆಕ್ಕ ಮೊದಲು ಬರಲಿ. ಕಂಬ, ಗೋಡೆ, ಕಿಟಕಿ ಎಲ್ಲಿರಬೇಕು ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ. ಆಮೇಲೆ ಆರ್ಕಿಟೆಕ್ಟ್ ಜೊತೆ ಕೂತರೆ ಮಾತು ಬೇಗ ಮುಗಿಯುತ್ತದೆ.

ಶುರು ಮಾಡುವ ಮೊದಲು ಕೈಯಲ್ಲಿ ಇಷ್ಟು ಇರಲಿ: ಈಗಿನ ಕಟ್ಟಡದ ಮೂಲ ನಕ್ಷೆ ಮತ್ತು ಕಬ್ಬಿಣದ ವಿವರವಿರುವ ಸ್ಟ್ರಕ್ಚರಲ್ ನಕ್ಷೆ, ಅಕ್ಸೆಷನ್ ರಿಜಿಸ್ಟರ್ (ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕದ ದಾಖಲೆ ಪುಸ್ತಕ), ಕಳೆದ ಐದು ವರ್ಷದ ಖರೀದಿ ಪಟ್ಟಿ, ವಿದ್ಯುತ್ ಲೋಡ್ ಎಷ್ಟು ಮಂಜೂರಾಗಿದೆ ಎಂಬ ಕಾಗದ. ಸಮಿತಿಯಲ್ಲಿ ಗ್ರಂಥಪಾಲಕರು ಇರಲೇಬೇಕು. ಅವರನ್ನು ಬಿಟ್ಟು ನಕ್ಷೆ ಅಂತಿಮ ಮಾಡುವುದು ಎಷ್ಟೋ ಕಡೆ ನಡೆಯುತ್ತದೆ. ಅದರ ಫಲ ಮುಂದಿನ ಮೂವತ್ತು ವರ್ಷ ಓದುಗರ ಪಾಲಿಗೆ.

1. ಪುಸ್ತಕ ಮತ್ತು ಓದುಗರನ್ನು ಎಣಿಸಿ

ಮೊದಲು ಬೇಡದ್ದನ್ನು ಬೇರೆ ಮಾಡಿ. ಇದಕ್ಕೆ ವೀಡಿಂಗ್ ಎನ್ನುತ್ತಾರೆ. ಹಳೆಯ ಪಠ್ಯಕ್ರಮದ ಹತ್ತಾರು ಪ್ರತಿಗಳು, ಹುಳ ತಿಂದು ಪುಡಿಯಾದವು, ಈಗ ತಪ್ಪು ಮಾಹಿತಿ ಕೊಡುವ ಹಳೇ ಕಂಪ್ಯೂಟರ್ ಕೈಪಿಡಿಗಳು ಹೊರಹೋಗಲಿ. ಆದರೆ ಒಬ್ಬರೇ ನಿರ್ಧರಿಸಬೇಡಿ. ಆಯಾ ವಿಭಾಗದವರು ಪಟ್ಟಿ ನೋಡಿ ಒಪ್ಪಲಿ, ಸಮಿತಿ ಠರಾವು ಮಾಡಲಿ, ರಿಜಿಸ್ಟರ್‌ನಲ್ಲಿ ನಮೂದಾಗಲಿ. ಸ್ಥಳೀಯ ಇತಿಹಾಸ, ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳು, ಮತ್ತೆಲ್ಲೂ ಸಿಗದ ಮುದ್ರಣಗಳನ್ನು ಮುಟ್ಟಬೇಡಿ. ಯಾರೂ ತೆಗೆದು ಓದದಿದ್ದರೂ ಅವು ನಿಮ್ಮಲ್ಲೇ ಇರಬೇಕಾದವು.

ಈಗ ಕಪಾಟಿನ ಲೆಕ್ಕ. 90 ಸೆಂಟಿಮೀಟರ್ ಅಗಲದ, ಏಳು ಹಲಗೆಯ ರ‍್ಯಾಕ್‌ನ ಒಂದು ಮುಖದಲ್ಲಿ 6.3 ಮೀಟರ್ ಉದ್ದದ ಜಾಗ ಸಿಗುತ್ತದೆ. ಅದನ್ನು ಪೂರ್ತಿ ತುಂಬಬಾರದು. ಶೇ 80 ತುಂಬಿದರೆ ಆ ರ‍್ಯಾಕ್ ತುಂಬಿದಂತೆಯೇ. ಹೊಸ ಪುಸ್ತಕ ತನ್ನ ಸರಿಯಾದ ಜಾಗದಲ್ಲಿ ಕೂರಬೇಕಾದರೆ ಪ್ರತಿ ಹಲಗೆಯಲ್ಲೂ ಸ್ವಲ್ಪ ಖಾಲಿ ಬೇಕು ಅಲ್ವಾ? ಹಾಗಾಗಿ ಬಳಸಲು ಸಿಗುವುದು ಸುಮಾರು 5 ಮೀಟರ್. ಮೀಟರಿಗೆ 32 ಪುಸ್ತಕ ಹಿಡಿದರೆ ಒಂದು ಮುಖಕ್ಕೆ 160, ಎರಡೂ ಮುಖ ಸೇರಿ 320.

ಉದಾಹರಣೆಗೆ ನಿಮ್ಮಲ್ಲಿ 40,000 ಪುಸ್ತಕ ಇವೆ ಎಂದುಕೊಳ್ಳಿ. ವರ್ಷಕ್ಕೆ 1,200 ಬರುತ್ತವೆ, 400 ಹೋಗುತ್ತವೆ. ಅಂದರೆ ನಿವ್ವಳ 800. ಇಪ್ಪತ್ತು ವರ್ಷಕ್ಕೆ 16,000 ಸೇರಿ 56,000 ಆಗುತ್ತದೆ. ಅದಕ್ಕೆ 175 ಜೋಡಿಮುಖದ ರ‍್ಯಾಕ್ ಬೇಕು. ಮುಂದಿನ ಓಣಿಯನ್ನೂ ಸೇರಿಸಿ ಒಂದೊಂದು ರ‍್ಯಾಕ್ ಸುಮಾರು 1.35 ಚದರ ಮೀಟರ್ ಹಿಡಿಯುತ್ತದೆ. ಅಡ್ಡ ಓಣಿಗಳಿಗೆ ಶೇ 30 ಸೇರಿಸಿದರೆ ಒಟ್ಟು 300 ಚದರ ಮೀಟರ್ ದಾಟುತ್ತದೆ. ನಿಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಒಂದು ಕಾಗದ, ಒಂದು ಗಂಟೆ ಸಾಕು.

ಓದುಗರನ್ನು ಎಣಿಸುವಾಗ ಒಟ್ಟು ವಿದ್ಯಾರ್ಥಿಗಳ ಸಂಖ್ಯೆಯನ್ನು ಹಿಡಿದು ಕೂರಬೇಡಿ. ಎರಡು ವಾರ ಗಂಟೆಗೊಮ್ಮೆ ತಲೆ ಎಣಿಸಿ. ಅದರಲ್ಲಿ ಒಂದು ವಾರ ಪರೀಕ್ಷೆಯ ಹತ್ತಿರದ್ದಾಗಿರಲಿ. ಎಷ್ಟು ಜನ ಕೂತಿದ್ದಾರೆ, ಎಷ್ಟು ಜನ ಜಾಗವಿಲ್ಲದೆ ವಾಪಸ್ ಹೋದರು, ಯಾವ ಮೇಜು ಯಾವಾಗಲೂ ಖಾಲಿ ಇರುತ್ತದೆ ಎಂದು ಬರೆದಿಡಿ. ಖಾಲಿ ಮೇಜಿಗೆ ಕಾರಣ ಇದ್ದೇ ಇರುತ್ತದೆ: ಬಿಸಿಲು, ಫ್ಯಾನಿನ ಸದ್ದು, ಪ್ಲಗ್ ಇಲ್ಲದಿರುವುದು. ಒಬ್ಬ ಓದುಗರಿಗೆ ಮೇಜು, ಕುರ್ಚಿ, ಓಡಾಟ ಎಲ್ಲ ಸೇರಿ 2.3ರಿಂದ 2.8 ಚದರ ಮೀಟರ್ ಇಟ್ಟುಕೊಳ್ಳಿ.

2. ಹಳೆಯ ಕಟ್ಟಡವನ್ನು ಪರೀಕ್ಷಿಸಿ

ಬಣ್ಣ ಬಳಿದರೆ ಮುಚ್ಚಿಹೋಗುವ ದೋಷಗಳು ಬಣ್ಣ ಬಳಿಯುವ ಮೊದಲೇ ಗೊತ್ತಾಗಬೇಕು. ಮಳೆಗಾಲದಲ್ಲಿ ಒಮ್ಮೆ, ಒಣ ದಿನಗಳಲ್ಲಿ ಒಮ್ಮೆ ಕಟ್ಟಡ ಸುತ್ತಿ. ತಾರಸಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ? ಗೋಡೆಯ ಬುಡದಲ್ಲಿ ಪ್ಲಾಸ್ಟರ್ ಉಬ್ಬಿದೆಯೇ? ಬೀಮ್ ಕೆಳಗೆ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆಯೇ? ಬಾಗಿಲ ಚೌಕಟ್ಟಿನಲ್ಲಿ ಗೆದ್ದಲಿನ ಮಣ್ಣಿನ ದಾರಿ ಇದೆಯೇ? ಒಂದೊಂದಕ್ಕೂ ಫೋಟೋ, ದಿನಾಂಕ ಇರಲಿ.

ಬಿರುಕಿನ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ಅಗಲ ಅಳೆದು, ಕೆಲವು ತಿಂಗಳ ಬಳಿಕ ಮತ್ತೆ ಅಳೆಯಿರಿ. ಅಷ್ಟೇ ಇದ್ದರೆ ಹಳೆಯ ಬಿರುಕು. ಅಗಲವಾಗಿದ್ದರೆ ಪಾಯ ಇನ್ನೂ ಕೂರುತ್ತಿದೆ ಎಂದರ್ಥವಾಗಬಹುದು. ಎಂಜಿನಿಯರ್ ನೋಡದೆ ಮುಂದೆ ಹೋಗಬೇಡಿ.

ಹಳೆಯ ಕಟ್ಟಡವಾದರೆ ಆಸ್ಬೆಸ್ಟಾಸ್ ಶೀಟು, ಸೀಸ ಇರುವ ಹಳೆಯ ಬಣ್ಣ ಇದ್ದೀತು. ಒಡೆಯುವಾಗ ಇವುಗಳ ಧೂಳು ಉಸಿರಿಗೆ ಹೋದರೆ ಅಪಾಯ. ಇವನ್ನು ತೆಗೆಯಲು ತರಬೇತಿ ಇರುವವರೇ ಬೇಕು. ಈ ಖರ್ಚನ್ನು ಮೊದಲೇ ಪ್ರತ್ಯೇಕವಾಗಿ ಬರೆದಿಡಿ.

3. ನೆಲ ಎಷ್ಟು ಭಾರ ಹೊರುತ್ತದೆ ಎಂದು ಬರಹದಲ್ಲಿ ಪಡೆಯಿರಿ

ಇಡೀ ಯೋಜನೆಯಲ್ಲಿ ಅತ್ಯಂತ ಮುಖ್ಯ ಹಂತ ಇದು. ಜಾಸ್ತಿ ಜನ ಹಾರಿಸಿಬಿಡುವ ಹಂತವೂ ಇದೇ.

ಕಪಾಟಿನಲ್ಲಿ ಒತ್ತಾಗಿ ನಿಂತ ಪಠ್ಯಪುಸ್ತಕಗಳು ಮೀಟರಿಗೆ ಸುಮಾರು 35 ಕೆಜಿ ತೂಗುತ್ತವೆ. ಮೇಲೆ ಹೇಳಿದ ರ‍್ಯಾಕ್ ಪೂರ್ತಿ ತುಂಬಿದರೆ ಒಂದು ಮುಖಕ್ಕೆ 220 ಕೆಜಿ, ಎರಡು ಮುಖಕ್ಕೆ 440. ಸ್ಟೀಲಿನ ತೂಕ ಸೇರಿ 500 ಕೆಜಿ ಎನ್ನಿ. ಮುಂದಿನ ಓಣಿಯ ಮೇಲೂ ಹರಡಿ ಲೆಕ್ಕ ಹಾಕಿದರೂ ಚದರ ಮೀಟರಿಗೆ 370 ಕೆಜಿ. ಅದರ ಮೇಲೆ ಜನ, ಟ್ರಾಲಿ ಬೇರೆ. ತರಗತಿಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200ರಿಂದ 300 ಕೆಜಿ ಭಾರಕ್ಕಷ್ಟೇ ವಿನ್ಯಾಸ ಮಾಡಿರುತ್ತಾರೆ. ಪುಸ್ತಕದ ಸ್ಟ್ಯಾಕ್ ಕೋಣೆಗೆ (ಕಪಾಟುಗಳನ್ನು ಸಾಲಾಗಿ ಒತ್ತಿ ಇಡುವ ಕೋಣೆ) ಇಟ್ಟುಕೊಳ್ಳುವುದು 600ರಿಂದ 730 ಕೆಜಿ. ಹಳಿಯ ಮೇಲೆ ಸರಿಯುವ ಕಾಂಪ್ಯಾಕ್ಟರ್ ರ‍್ಯಾಕ್‌ಗಳಿಗಾದರೆ 1,000 ಕೆಜಿ ಅಥವಾ ಅದಕ್ಕೂ ಹೆಚ್ಚು, ಏಕೆಂದರೆ ಅಲ್ಲಿ ಸರಿಸಿದಾಗ ತೆರೆಯುವ ಒಂದು ಓಣಿ ಬಿಟ್ಟರೆ ಎಲ್ಲವೂ ಪುಸ್ತಕ.

ಆದ್ದರಿಂದ "ಪಕ್ಕದ ಎರಡು ತರಗತಿ ಖಾಲಿ ಇವೆ, ನಡುವಿನ ಗೋಡೆ ಒಡೆದು ರ‍್ಯಾಕ್ ಹಾಕಿಬಿಡೋಣ" ಎಂಬ ಮಾತು ಬಂದ ಕೂಡಲೇ ಎರಡು ಪ್ರಶ್ನೆ ಕೇಳಿ. ಆ ನೆಲ ಈ ಭಾರ ಹೊರುತ್ತದೆಯೇ? ಆ ಗೋಡೆ ಮೇಲಿನ ಸ್ಲ್ಯಾಬನ್ನು ಹೊತ್ತಿದೆಯೇ? ಉತ್ತರ ಕೊಡಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್. ಗುತ್ತಿಗೆದಾರರು "ಏನೂ ಆಗಲ್ಲ ಸಾರ್" ಎಂದರೆ ಅದು ಉತ್ತರವಲ್ಲ.

ಮೂಲ ನಕ್ಷೆ ಕಳೆದುಹೋಗಿದ್ದರೆ ಗಾಬರಿ ಬೇಡ. ಕಾಂಕ್ರೀಟಿನೊಳಗೆ ಕಂಬಿ ಎಲ್ಲಿದೆ, ಎಷ್ಟು ದಪ್ಪ ಎಂದು ತೋರಿಸುವ ಉಪಕರಣಗಳಿವೆ. ರೆಬೌಂಡ್ ಹ್ಯಾಮರ್ (ಕಾಂಕ್ರೀಟ್ ಮೇಲೆ ಕುಟ್ಟಿ ಗಡಸುತನ ಅಳೆಯುವ ಸಾಧನ) ಒಂದು ಅಂದಾಜು ಕೊಡುತ್ತದೆ. ಕೋರ್ ತೆಗೆಯುವುದು, ಅಂದರೆ ಕಾಂಕ್ರೀಟಿನ ಸಣ್ಣ ಸಿಲಿಂಡರ್ ಆಕಾರದ ತುಂಡು ಕೊರೆದು ಲ್ಯಾಬಿನಲ್ಲಿ ಒತ್ತಿ ನೋಡುವುದು, ಹೆಚ್ಚು ಖಚಿತ. ಕೊನೆಗೆ ಎಂಜಿನಿಯರ್ ಸಹಿ ಇರುವ ಒಂದು ಪುಟ ನಿಮ್ಮ ಕೈಗೆ ಬರಬೇಕು: ಯಾವ ಕೋಣೆಗೆ ಎಷ್ಟು ಭಾರ. ಅದರ ಪ್ರತಿ ಗ್ರಂಥಪಾಲಕರ ಫೈಲಿನಲ್ಲಿರಲಿ. ಹತ್ತು ವರ್ಷದ ನಂತರ ರ‍್ಯಾಕ್ ಸರಿಸುವವರಿಗೆ ಅದೇ ಬೇಕಾಗುತ್ತದೆ.

ನೆಲ ಬಲವಾಗಿಲ್ಲ ಎಂದು ಬಂದರೆ ಸುಲಭದ ದಾರಿ, ಭಾರವನ್ನು ನೆಲಮಹಡಿಗೆ ಇಳಿಸಿ ಓದುವ ಜಾಗವನ್ನು ಮೇಲಕ್ಕೆ ಒಯ್ಯುವುದು. ಬೀಮ್ ಬಲಪಡಿಸುವುದು ಸಾಧ್ಯ, ಆದರೆ ದುಬಾರಿ.

4. ಯಾವ ಕಡೆಗೆ ಬೆಳೆಸುವುದು?

ಮೇಲಕ್ಕೆ ಕಟ್ಟಬೇಕಾದರೆ ಪಾಯ ಮತ್ತು ಕಂಬಗಳನ್ನು ಮೊದಲೇ ಅದಕ್ಕೆ ವಿನ್ಯಾಸ ಮಾಡಿರಬೇಕು. ತಾರಸಿಯ ಮೇಲೆ ಕಂಬಿ ಚಾಚಿಕೊಂಡಿದ್ದ ಮಾತ್ರಕ್ಕೆ ಸುಮ್ನೆ ನಂಬಬೇಡಿ. ಆ ಕಂಬಿ ವರ್ಷಗಟ್ಟಲೆ ಮಳೆಗೆ ತುಕ್ಕು ಹಿಡಿದಿರಬಹುದು. ಇನ್ನೊಂದು ಮಾತು: ಮೇಲೆ ಕೆಲಸ ನಡೆಯುವಷ್ಟು ದಿನ ತಾರಸಿಯ ನೀರುತಡೆ ಪದರ ಒಡೆದಿರುತ್ತದೆ, ಕೆಳಗೆ ಪುಸ್ತಕ ಇರುತ್ತವೆ.

ಪಕ್ಕಕ್ಕೆ ಕಟ್ಟುವುದು ಸಾಮಾನ್ಯವಾಗಿ ಸುರಕ್ಷಿತ. ಹಳೆಯ ಭಾಗವನ್ನು ಬಳಸುತ್ತಲೇ ಹೊಸದನ್ನು ಮುಗಿಸಬಹುದು. ಇಲ್ಲಿ ತೊಂದರೆ ಬರುವುದು ಎರಡೂ ಸೇರುವ ಜಾಗದಲ್ಲಿ. ಹಳೆಯ ಪಾಯ ಕೂತು ಗಟ್ಟಿಯಾಗಿದೆ, ಹೊಸದು ಇನ್ನು ಕೂರಬೇಕು. ಎರಡನ್ನೂ ಬಿಗಿಯಾಗಿ ಜೋಡಿಸಿದರೆ ಬಿರುಕು ಖಚಿತ. ಅದಕ್ಕೇ ನಡುವೆ ಬೇಕೆಂದೇ ಒಂದು ಸಂದು ಬಿಟ್ಟು, ಹಿಗ್ಗುವ ಕುಗ್ಗುವ ವಸ್ತುವಿನಿಂದ ಮುಚ್ಚುತ್ತಾರೆ. ಇದೇ ಸೆಟಲ್‌ಮೆಂಟ್ ಜಾಯಿಂಟ್. ತಾರಸಿಯಲ್ಲಿ ನೀರು ಸೋರುವುದೂ ಇಲ್ಲೇ. ಈ ಸಂದಿನ ವಿವರವಾದ ಚಿತ್ರ ಇಲ್ಲದ ನಕ್ಷೆಗೆ ಸಹಿ ಹಾಕಬೇಡಿ. ಸಂದಿನ ಕೆಳಗೆ ರ‍್ಯಾಕ್ ಇಡಬೇಡಿ.

ಎರಡೂ ಭಾಗದ ನೆಲಮಟ್ಟ ಒಂದೇ ಇರಬೇಕು. ಮಹಡಿಯ ಎತ್ತರ ಒಂದಡಿ ವ್ಯತ್ಯಾಸವಾದರೂ ಮಧ್ಯೆ ಮೆಟ್ಟಿಲು ಬರುತ್ತದೆ. ಆಗ ಪುಸ್ತಕದ ಟ್ರಾಲಿಯೂ ಗಾಲಿಕುರ್ಚಿಯೂ ಅಲ್ಲೇ ನಿಲ್ಲುತ್ತವೆ. ಬಾಗಿಲು ಎಷ್ಟೇ ಇರಲಿ, ಓದುಗರು ನಿತ್ಯ ಬಳಸುವ ಪ್ರವೇಶ ಒಂದೇ ಇರಲಿ. ಎರಡು ಪ್ರವೇಶ ಎಂದರೆ ಎರಡು ಕಡೆ ಕಾವಲು, ಎರಡು ಪಟ್ಟು ಸಿಬ್ಬಂದಿ.

5. ಒಳಗಿನ ವಿನ್ಯಾಸ

ಬ್ರಿಟಿಷ್ ವಾಸ್ತುಶಿಲ್ಪಿ ಹ್ಯಾರಿ ಫಾಕ್ನರ್-ಬ್ರೌನ್ ಒಳ್ಳೆಯ ಗ್ರಂಥಾಲಯ ಕಟ್ಟಡದ ಹತ್ತು ಗುಣಗಳನ್ನು ಪಟ್ಟಿ ಮಾಡಿದ್ದರು. ಮೊದಲನೆಯದೇ, ಒಳಗಿನ ವ್ಯವಸ್ಥೆ ಬದಲಿಸಲು ಸುಲಭವಾಗಿರಬೇಕು ಎಂಬುದು. ಅಂದರೆ ಒಳಗೋಡೆ ಕಡಿಮೆ, ಕಂಬಗಳ ಅಂತರ ಸಮ, ಸಾಧ್ಯವಾದಷ್ಟು ಕಡೆ ನೆಲ ರ‍್ಯಾಕ್ ಭಾರ ತಡೆಯುವಂಥದ್ದು.

ರ‍್ಯಾಕ್‌ಗಳ ನಡುವಿನ ಓಣಿ 90 ಸೆಂಟಿಮೀಟರಿಗೆ ಕಡಿಮೆ ಆಗಬಾರದು. 105 ಇದ್ದರೆ ಗಾಲಿಕುರ್ಚಿಯಲ್ಲಿ ಬರುವವರಿಗೂ ಸಲೀಸು. ಓಣಿಯ ತುದಿಯಲ್ಲಿ ಗಾಲಿಕುರ್ಚಿ ತಿರುಗಿಸಲು 150 ಸೆಂಟಿಮೀಟರ್ ವೃತ್ತದಷ್ಟು ಜಾಗ ಬೇಕು. ಇಳಿಜಾರು 1:12ಕ್ಕಿಂತ ಕಡಿದಾಗಬಾರದು, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಇದನ್ನು "ಆಮೇಲೆ ಮಾಡೋಣ" ಎಂದು ಬಿಟ್ಟರೆ ಆಗುವುದೇ ಇಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಹೋಗಿ ಪುಸ್ತಕ ತೆಗೆದುಕೊಳ್ಳುವಂತಿರಬೇಕು. ಅದಿಲ್ಲದಿದ್ದರೆ ವಿಸ್ತರಣೆಯ ಉದ್ದೇಶವೇ ಅರ್ಧ ಹೋಯಿತು.

ಬೆಳಕಿನ ವಿಷಯದಲ್ಲಿ ಒಂದು ಕಿವಿಮಾತು. ಟ್ಯೂಬ್‌ಲೈಟುಗಳನ್ನು ಓಣಿಗೆ ಸಮಾನಾಂತರವಾಗಿ ಹಾಕಿದರೆ, ನಾಳೆ ರ‍್ಯಾಕ್ ಸ್ವಲ್ಪ ಸರಿಸಿದಾಗ ಬೆಳಕು ರ‍್ಯಾಕಿನ ನೆತ್ತಿಗೆ ಬೀಳುತ್ತದೆ, ಓಣಿ ಕತ್ತಲಾಗುತ್ತದೆ. ರ‍್ಯಾಕಿಗೆ ಅಡ್ಡವಾಗಿ ಹಾಕಿಸಿ. ಆಗ ಹೇಗೆ ಸರಿಸಿದರೂ ಬೆಳಕು ಸಿಗುತ್ತದೆ. ಓದುವ ಮೇಜಿನ ಮೇಲೆ 500 ಲಕ್ಸ್, ಕಪಾಟಿನ ಮುಖದ ಮೇಲೆ 200 ಲಕ್ಸ್ ಗುರಿ ಇರಲಿ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಕೆಳಗಿನ ಹಲಗೆಯ ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನು ನೀವು ಬಗ್ಗದೆ ಓದಲು ಆಗುತ್ತದೆಯೇ ಎಂದು ನೋಡಿ. ನೇರ ಬಿಸಿಲು ಪುಸ್ತಕದ ಮೇಲೆ ಬೀಳಲೇಬಾರದು. ಕಿಟಕಿ ಪಕ್ಕ ಓದುಗರಿರಲಿ, ಕಪಾಟು ಒಳಗಿರಲಿ.

ಶೌಚಾಲಯ ಮತ್ತು ನೀರಿನ ಪೈಪು ಸ್ಟ್ಯಾಕ್ ಕೋಣೆಯ ಮೇಲೆ ಬರಬಾರದು. ಕೊನೆಯ ಹಲಗೆ ನೆಲದಿಂದ ಕನಿಷ್ಠ 10 ಸೆಂಟಿಮೀಟರ್ ಮೇಲಿರಲಿ. ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ತಾನೇ ನೀರು ಚಿಮ್ಮಿಸುವ ಸಾಧನ) ಇದ್ದರೆ ಅದರ ತಲೆಯ ಕೆಳಗೆ 45 ಸೆಂಟಿಮೀಟರ್ ಖಾಲಿ ಬೇಕು. ಸದ್ದಿರುವ ಕೌಂಟರ್, ಪತ್ರಿಕೆ ವಿಭಾಗ, ಗುಂಪು ಚರ್ಚೆಯ ಕೋಣೆಗಳು ಬಾಗಿಲ ಹತ್ತಿರವಿರಲಿ. ಒಳಗೆ ಹೋದಷ್ಟೂ ಮೌನ ಹೆಚ್ಚಲಿ. ಪ್ಲಗ್ ಪಾಯಿಂಟು ಬೇಕು ಅನ್ನಿಸಿದ್ದಕ್ಕಿಂತ ಜಾಸ್ತಿಯೇ ಹಾಕಿಸಿ. ವೈ-ಫೈ ಪರೀಕ್ಷೆಯನ್ನು ರ‍್ಯಾಕ್ ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಿ. ಸ್ಟೀಲು ಮತ್ತು ಕಾಗದ ಸಿಗ್ನಲನ್ನು ನುಂಗುತ್ತವೆ.

6. ಹಣ ಮತ್ತು ಕರಾರು

ಅಂದಾಜು ಪಟ್ಟಿಯಲ್ಲಿ ಬಿಟ್ಟುಹೋಗುವ ಬಾಬ್ತುಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಪುಸ್ತಕ ಸಾಗಣೆ, ತಾತ್ಕಾಲಿಕ ರ‍್ಯಾಕ್, ಪರೀಕ್ಷೆಗಳ ಶುಲ್ಕ, ಹೊಸ ವಿದ್ಯುತ್ ಲೋಡ್, ಕುರ್ಚಿ ಮೇಜು. ಇವನ್ನೆಲ್ಲ ಸೇರಿಸಿ, ಅದರ ಮೇಲೆ ಶೇ 15ರಷ್ಟು ಅನಿರೀಕ್ಷಿತ ಖರ್ಚಿಗೆ ಇಡಿ. ಹಳೆಯ ಗೋಡೆ ಬಿಚ್ಚಿದಾಗ ಏನು ಸಿಗುತ್ತದೆ ಎಂದು ಯಾರೂ ಮೊದಲೇ ಹೇಳಲಾರರು.

ಕರಾರಿನಲ್ಲಿ ಬರಹದಲ್ಲಿರಬೇಕಾದವು: ಪರೀಕ್ಷೆಯ ದಿನಗಳಲ್ಲಿ ಒಡೆಯುವ, ಕೊರೆಯುವ ಕೆಲಸ ಇಲ್ಲ. ಧೂಳು ತಡೆಗೋಡೆ ಗುತ್ತಿಗೆದಾರರ ಹೊಣೆ. ಕೊನೆಯಲ್ಲಿ, ನಿಜವಾಗಿ ಕಟ್ಟಿದಂತೆ ಇರುವ ನಕ್ಷೆ ಕೊಡಬೇಕು. ಬಿಲ್ಲಿನ ಒಂದು ಪಾಲು ರಿಟೆನ್ಷನ್ ಆಗಿ, ಅಂದರೆ ದೋಷ ಸರಿಪಡಿಸುವ ಅವಧಿ ಮುಗಿಯುವವರೆಗೆ ತಡೆಹಿಡಿದ ಹಣವಾಗಿ, ನಿಮ್ಮಲ್ಲೇ ಉಳಿಯಬೇಕು. ಆ ಅವಧಿಯೊಳಗೆ ಒಂದು ಪೂರ್ತಿ ಮಳೆಗಾಲ ಬರುವಂತೆ ನೋಡಿಕೊಳ್ಳಿ.

7. ಪುಸ್ತಕಗಳನ್ನು ಸರಿಸುವುದು

ಕೆಲಸ ಶುರುವಾಗುವ ಮೊದಲೇ ಪುಸ್ತಕ ಹೊರಡಬೇಕು. ಮೇಲೆ ಪ್ಲಾಸ್ಟಿಕ್ ಹೊದಿಸಿ ಅಲ್ಲೇ ಬಿಡೋಣ ಎಂಬುದು ಕೆಟ್ಟ ಯೋಚನೆ. ಒಳಗೆ ತೇವ ಸಿಕ್ಕಿಕೊಂಡು ಬೂಷ್ಟು ಬರುತ್ತದೆ.

ತಾತ್ಕಾಲಿಕ ಜಾಗ ಒಣಗಿರಬೇಕು, ಬೀಗ ಇರಬೇಕು, ಅಲ್ಲಿನ ನೆಲದ ಭಾರವನ್ನೂ ನೋಡಿರಬೇಕು. ಪೆಟ್ಟಿಗೆಗಳ ರಾಶಿ ರ‍್ಯಾಕಿಗಿಂತ ಭಾರ ಆದೀತು. ವಿದ್ಯಾರ್ಥಿಗಳಿಗೆ ದಿನವೂ ಬೇಕಾಗುವ ಪುಸ್ತಕಗಳನ್ನು ಮೊದಲೇ ಆರಿಸಿ, ಒಂದು ಕೋಣೆಯಲ್ಲಿ ಪುಟ್ಟ ಗ್ರಂಥಾಲಯ ನಡೆಸಿ. ಪೂರ್ತಿ ಬಾಗಿಲು ಹಾಕಿದರೆ ಓದುಗರ ರೂಢಿ ತಪ್ಪುತ್ತದೆ. ತಪ್ಪಿದ ರೂಢಿಯನ್ನು ಮತ್ತೆ ತರುವುದು ಕಷ್ಟ.

ಪ್ರತಿ ಪೆಟ್ಟಿಗೆ 12ರಿಂದ 15 ಕೆಜಿ ಮೀರದಿರಲಿ. ಪೆಟ್ಟಿಗೆಯ ಚಿಕ್ಕ ಬದಿಯಲ್ಲಿ ಬರೆಯಿರಿ: ಪೆಟ್ಟಿಗೆ ಸಂಖ್ಯೆ, ಮೊದಲ ಮತ್ತು ಕೊನೆಯ ಪುಸ್ತಕದ ಕಾಲ್ ನಂಬರ್ (ಬೆನ್ನಿಗೆ ಅಂಟಿಸಿರುವ ವರ್ಗೀಕರಣ ಸಂಖ್ಯೆ), ಹೊಸ ಕಟ್ಟಡದಲ್ಲಿ ಹೋಗಬೇಕಾದ ರ‍್ಯಾಕ್ ಮತ್ತು ಹಲಗೆ. ಮುಚ್ಚಳದ ಮೇಲೆ ಬರೆದರೆ ಒಂದರ ಮೇಲೊಂದು ಇಟ್ಟಾಗ ಕಾಣುವುದಿಲ್ಲ. ರ‍್ಯಾಕ್ ಖಾಲಿ ಮಾಡುವಾಗ ಮೇಲಿನ ಹಲಗೆಯಿಂದ ಕೆಳಕ್ಕೆ ಬನ್ನಿ, ತುಂಬುವಾಗ ಕೆಳಗಿನಿಂದ ಮೇಲಕ್ಕೆ. ಎರಡೂ ಮುಖಗಳನ್ನು ಸರಿಸಮನಾಗಿ ಮಾಡಿ. ಒಂದೇ ಮುಖ ಖಾಲಿಯಾದ ರ‍್ಯಾಕ್ ವಾಲಿ ಬೀಳುತ್ತದೆ, ಕೆಳಗೆ ಕೆಲಸ ಮಾಡುವವರಿರುತ್ತಾರೆ.

ಹುಳ, ಬೂಷ್ಟು ಇರುವ ಪುಸ್ತಕಗಳನ್ನು ಬೇರೆಯೇ ಮುಚ್ಚಿದ ಚೀಲಕ್ಕೆ ಹಾಕಿ. ಒಳ್ಳೆಯದರ ಜೊತೆ ಸೇರಿಸಿದರೆ ಹೊಸ ಕಟ್ಟಡಕ್ಕೆ ಹುಳವನ್ನೂ ಕರೆದೊಯ್ದಂತೆ.

8. ಕೆಲಸ ನಡೆಯುವಾಗ: ಬೆಂಕಿ, ನೀರು, ಧೂಳು

ಜರ್ಮನಿಯ ವೈಮಾರ್‌ನಲ್ಲಿರುವ ಆನಾ ಅಮಾಲಿಯಾ ಗ್ರಂಥಾಲಯಕ್ಕೆ 2004ರ ಸೆಪ್ಟೆಂಬರ್‌ನಲ್ಲಿ ಬೆಂಕಿ ಬಿದ್ದು ಸುಮಾರು 50,000 ಪುಸ್ತಕಗಳು ಸುಟ್ಟುಹೋದವು. ಇನ್ನು ಕೆಲವೇ ವಾರಗಳಲ್ಲಿ ಅವನ್ನು ಹೊಸ ಸಂಗ್ರಹಾಗಾರಕ್ಕೆ ಸಾಗಿಸಬೇಕಿತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋ ಸ್ಕೂಲ್ ಆಫ್ ಆರ್ಟ್‌ನ ಮ್ಯಾಕಿಂಟಾಷ್ ಕಟ್ಟಡದ ಗ್ರಂಥಾಲಯ 2014ರಲ್ಲಿ ಸುಟ್ಟಿತು. ದುರಸ್ತಿ ಮುಗಿಯುವ ಹಂತದಲ್ಲಿದ್ದಾಗ 2018ರಲ್ಲಿ ಮತ್ತೆ ಬೆಂಕಿ ಬಿದ್ದು ಕಟ್ಟಡದ ಒಳಭಾಗವೆಲ್ಲ ಸುಟ್ಟುಹೋಯಿತು. ದುರಸ್ತಿಯ ಕಾಲದಲ್ಲಿ ಕಟ್ಟಡ ತುಂಬ ದುರ್ಬಲವಾಗಿರುತ್ತದೆ: ಅಲಾರಂ ಬಂದ್ ಆಗಿರುತ್ತದೆ, ತಾತ್ಕಾಲಿಕ ವೈರು, ಮರದ ಪುಡಿ, ಥಿನ್ನರ್ ಡಬ್ಬಿಗಳು ಬಿದ್ದಿರುತ್ತವೆ.

ವೆಲ್ಡಿಂಗ್, ಕಟಿಂಗ್ ಕೆಲಸಕ್ಕೆ ಆಯಾ ದಿನವೇ ಬರಹದ ಅನುಮತಿ ಕೊಡಿ. ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇರಲಿ. ಕೆಲಸ ನಿಂತ ಮೇಲೆ ಒಂದು ಗಂಟೆ ಅಲ್ಲೇ ಒಬ್ಬರು ಕಾಯಲಿ. ಕಿಡಿ ಸಂದಿಯಲ್ಲಿ ಅಡಗಿ ತಡವಾಗಿ ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ತಾತ್ಕಾಲಿಕ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲೇ ತೆಗೆಯಿರಿ.

ಪುಸ್ತಕ ಒದ್ದೆಯಾದರೆ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ಅಷ್ಟರೊಳಗೆ ಗಾಳಿಗೆ ಒಣಗಿಸಿ. ಸಂಖ್ಯೆ ಜಾಸ್ತಿಯಾಗಿದ್ದರೆ ಫ್ರೀಜರಿನಲ್ಲಿಟ್ಟು ಸಮಯ ಗಳಿಸಿಕೊಳ್ಳಿ. ಬಿಸಿಲಿಗೆ ಹರಡಬೇಡಿ, ರಟ್ಟು ಸೊಟ್ಟಗಾಗುತ್ತದೆ. ಧೂಳಿಗೆ ದಪ್ಪ ಪ್ಲಾಸ್ಟಿಕ್ ತಡೆಗೋಡೆ ಕಟ್ಟಿ, ಕೆಲಸದ ಕಡೆಯಿಂದ ಗಾಳಿ ಹೊರಗೆ ಹೋಗುವಂತೆ ಫ್ಯಾನ್ ಇಡಿಸಿ.

9. ಮರಳಿ ತುಂಬುವುದು

ಉದ್ಘಾಟನೆಯ ದಿನಾಂಕ ನಿಗದಿಯಾಗಿದೆ ಎಂದು ಹಸಿ ಕಟ್ಟಡಕ್ಕೆ ಪುಸ್ತಕ ತುಂಬಬೇಡಿ. ಹೊಸ ಕಾಂಕ್ರೀಟು, ಪ್ಲಾಸ್ಟರು ತಿಂಗಳುಗಟ್ಟಲೆ ತೇವ ಬಿಡುತ್ತಿರುತ್ತವೆ. ಕಿಟಕಿ ತೆರೆದು ಗಾಳಿಯಾಡಿಸಿ. ತೇವಾಂಶ ಅಳೆಯುವ ಹೈಗ್ರೋಮೀಟರನ್ನು ಎರಡು ಮೂರು ಕಡೆ ಇಟ್ಟು ಎರಡು ವಾರ ಬರೆದುಕೊಳ್ಳಿ. ಶೇ 65ರ ಮೇಲೆ ನಿಂತಿದ್ದರೆ ಬೂಷ್ಟಿಗೆ ಆಹ್ವಾನ. ಶೇ 60ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತ ಮೇಲೆ ಪುಸ್ತಕ ತನ್ನಿ. ಸಮಾರಂಭ ಬೇಕಿದ್ದರೆ ಓದುವ ಕೋಣೆಯಲ್ಲಿ ಮಾಡಿ.

ರ‍್ಯಾಕ್‌ಗಳನ್ನು ಗೋಡೆಗೆ ಇಲ್ಲವೇ ಒಂದಕ್ಕೊಂದು ಬಿಗಿದ ಮೇಲೆಯೇ ತುಂಬಿ. ಗುತ್ತಿಗೆದಾರರೊಂದಿಗೆ ಕೋಣೆ ಕೋಣೆ ಸುತ್ತಿ, ಬಾಕಿ ಕೆಲಸಗಳ ಪಟ್ಟಿ ಮಾಡಿ, ಒಂದೊಂದಕ್ಕೂ ದಿನಾಂಕ ಹಾಕಿಸಿ. ತುರ್ತು ಬಾಗಿಲು ಒಳಗಿನಿಂದ ಒಂದೇ ತಳ್ಳಿಗೆ ತೆರೆಯಬೇಕು. ಕಳ್ಳತನದ ಭಯವಿದ್ದರೆ ಅಲಾರಂ ಹಾಕಿ, ಸರಪಳಿ ಬೇಡ.

ಮೊದಲ ದೊಡ್ಡ ಮಳೆ ಬಂದ ದಿನ ಟಾರ್ಚ್ ಹಿಡಿದು ಮೂರು ಜಾಗ ನೋಡಿ: ಹಳೆಯದು ಹೊಸದು ಸೇರುವ ಸಂದು, ಕಿಟಕಿಗಳ ಮೇಲಿನ ಅಂಚು, ತಾರಸಿಯಿಂದ ಇಳಿಯುವ ಪೈಪಿನ ಸುತ್ತ. ಫೋಟೋ ತೆಗೆದು ಅವತ್ತೇ ಗುತ್ತಿಗೆದಾರರಿಗೆ ಬರಹದಲ್ಲಿ ಕಳಿಸಿ. ರಿಟೆನ್ಷನ್ ಹಣದ ಚೆಕ್ಕಿಗೆ ಸಹಿ ಮಾಡುವುದು ಆ ಮಳೆಗಾಲ ಮುಗಿದು, ಪಟ್ಟಿಯ ಎಲ್ಲ ಸಾಲಿಗೂ ಗೆರೆ ಬಿದ್ದ ಮೇಲೆ.